ಏಳನೆಯ ನರಕ ಮತ್ತು ಬಳಸದ ಕ್ರೆಡಿಟ್ ಕಾರ್ಡು: ಹುನಗುಂದ ಸೀಮೆಯ ಆಧಾರಗಳಿಂದ ಒಂದು ಜಿಜ್ಞಾಸೆ

ಹುನಗುಂದ, ಬಾದಾಮಿ ಸೀಮೆಯ ಶಾಸನಗಳನ್ನು ಓದಲು ಫ್ಲೀಟ್, ಕೀಲ್‌ಹಾರ್ನ್‌ರಂಥ ವಿದ್ವಾಂಸರು ಕಣ್ಣು ಸವೆಸಿದರು. ಅದೇ ಸೀಮೆಯ ಮನೆಮನೆಗಳಲ್ಲಿ ಇತ್ತೀಚೆಗೆ ದೊರೆಯುತ್ತಿರುವ ಇನ್ನೊಂದು ಜಾತಿಯ ಬರಹವನ್ನು ಮಾತ್ರ ಯಾರೂ ಓದಿಲ್ಲ, ಪಡೆದವರಂತೂ ಓದಿಯೇ ಇಲ್ಲ. ಆ ಕೊರತೆ ತುಂಬಲು ಒಂದು ಮಾದರಿಯನ್ನು ಶಾಸ್ತ್ರೋಕ್ತವಾಗಿ ವರ್ಣಿಸೋಣ. ದೊರೆತ ಸ್ಥಳ: ಇಳಕಲ್ಲಿನ ತಿಜೋರಿಯೊಂದರಲ್ಲಿ ಟೋಪ ತೆನಿ ಸೆರಗಿನ ಸೀರೆಯ ಮಡಿಕೆ. ಉದ್ದ 85.60 ಮಿ.ಮೀ., ಅಗಲ 53.98 ಮಿ.ಮೀ.; ವಸ್ತು ಪ್ಲಾಸ್ಟಿಕ್. ಲಿಪಿ ರೋಮನ್, ಸ್ಥಿತಿ ಉತ್ತಮ, ಏಕೆಂದರೆ ಒಮ್ಮೆಯೂ ಉಜ್ಜಿಲ್ಲ. ಮುಂಬದಿಯಲ್ಲಿ ಹದಿನಾರು ಅಂಕಿಗಳ ಒಂದು ಸಾಲು. ಅದರ ಕೊನೆಯ ಅಂಕಿಗೆ ಹಿಂದಿನ ಹದಿನೈದು ಸರಿಯಿವೆಯೋ ಇಲ್ಲವೋ ಎಂದು ತಾಳೆ ನೋಡುವುದೊಂದೇ ಕೆಲಸ. ಹಿಂಬದಿಯ ಸಹಿಪಟ್ಟಿ ಖಾಲಿ. ಚಾಲೂ ಮಾಡಲು ಫೋನ್ ಮಾಡಿ ಎನ್ನುವ ಚೀಟಿ ಇನ್ನೂ ಅಂಟಿಕೊಂಡಿದ್ದು, ಮೇಲೆದ್ದ ಅದರ ಒಂದು ಮೂಲೆಯ ಗೋಂದಿಗೆ ಸೀರೆಯ ಕೆಂಪು ಎಳೆಯೊಂದು ಸಿಕ್ಕಿಕೊಂಡಿದೆ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆಸಿದ ಶಾಸನ ಶಕ 556, ಅಂದರೆ ಕ್ರಿ.ಶ. 634 ಎಂದು ತನ್ನ ಹುಟ್ಟಿದ ವರ್ಷ ಹೇಳುತ್ತದೆ. ನಮ್ಮ ಪ್ಲಾಸ್ಟಿಕ್ ಶಾಸನ ತಾನು ಸಾಯುವ ತಿಂಗಳು, ವರ್ಷವನ್ನಷ್ಟೇ ಹೇಳುತ್ತದೆ. ಆ ತಾರೀಖು ಬರುವ ಮೊದಲೇ ಇದನ್ನು ಕೊಲ್ಲಬಹುದೇ ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ಕೊಲ್ಲಬಾರದು ಎನ್ನುವ ಪೂರ್ವಪಕ್ಷದ ಬಲವೆಲ್ಲ ಶಾಪದಲ್ಲಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಅರಸ ಮಂಗಳೇಶನ ಕನ್ನಡ ಶಾಸನವೊಂದಿದೆ. ದತ್ತಿ ಕೊಟ್ಟದ್ದನ್ನು ಹೇಳಿದ ಮೇಲೆ, ಇದನ್ನು ಅಳಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ ಎಂದು ಅದು ಮುಗಿಯುತ್ತದೆ. ಕಾರ್ಡು ಮುಚ್ಚಲು ಹೊರಟವನಿಗೆ ಬಲ್ಲವರು ಹೇಳುವ ಮಾತಿನ ಧಾಟಿಯೂ ಇದೇ: ಮುಚ್ಚಿದರೆ ಸಿಬಿಲ್ ಬೀಳುತ್ತದೆ. ಚಾಲುಕ್ಯರ ನರಕಕ್ಕೆ ಏಳು ಅಂತಸ್ತು; ಸಾಲಯೋಗ್ಯತೆ ಅಳೆಯುವ ಸಿಬಿಲ್ ಸ್ಕೋರಿಗೆ 300ರಿಂದ 900ರವರೆಗಿನ ಮೆಟ್ಟಿಲು. ಸಾಲದ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಕಾಪಿಡಬೇಕೆಂದು ಸಾಲಮಾಹಿತಿ ಕಂಪನಿಗಳಿಗೆ ನಿಯಮವಿದೆ, ಮುಚ್ಚುವ ಅರ್ಜಿ ಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಏಳರ ಈ ಪುನರಾವೃತ್ತಿ ಕಾಕತಾಳೀಯವೆಂದು ಒಪ್ಪುವಷ್ಟು ಸಾಮಾನ್ಯ ಜ್ಞಾನ ನಮ್ಮ ವಿದ್ವತ್ತಿಗೆ ಇನ್ನೂ ಬಂದಿಲ್ಲ.

ಈ ಶಾಪ ಹುನಗುಂದದ ಬುದ್ಧಿಗೆ ಹೊಂದುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಉದ್ರಿ ತೀರಿಸಿ, ಪುಟಕ್ಕೆ ಅಡ್ಡಗೆರೆ ಎಳೆಸಿಕೊಂಡವನ ಮರ್ಯಾದೆ ಏರುತ್ತದೆ. ಖಾತೆ ಮುಚ್ಚಿದ್ದಕ್ಕೆ ಪತ್ತು ಇಳಿಯಿತು ಎಂದರೆ ಅಂಗಡಿಯವರೇ ನಕ್ಕಾರು. ಐಹೊಳೆಯನ್ನು ತಮ್ಮ ಹೆಸರಿನಲ್ಲೇ ಹೊತ್ತು ಮೆರೆದ ಅಯ್ಯಾವೊಳೆ ಐನೂರ್ವರು ಸುಮಾತ್ರದ ಬಾರೂಸ್‌ವರೆಗೆ ವ್ಯಾಪಾರ ಹಬ್ಬಿಸಿ, ಅಲ್ಲಿ 1088ರಲ್ಲಿ ತಮಿಳು ಶಾಸನ ಹಾಕಿಸಿದರು. ಅವರ ಪತ್ತು ಸಂಘದ ಹೆಸರಿನ ಮೇಲೆ ನಿಂತಿತ್ತೇ ಹೊರತು ಬಳಸದೆ ಬಿಟ್ಟ ಸಾಲದ ಮಿತಿಯ ಮೇಲಲ್ಲ. ಆದರೆ ಸಿಬಿಲ್ಲಿನ ಲೆಕ್ಕಕ್ಕೂ ಒಂದು ತರ್ಕವಿದೆ, ಅದನ್ನು ನಕ್ಕು ತಳ್ಳಿಹಾಕುವುದು ಪಾಂಡಿತ್ಯವಲ್ಲ. ಒಬ್ಬರ ಬಳಿ ಒಂದು ಲಕ್ಷದ ಮಿತಿಯ ಬಳಸುವ ಕಾರ್ಡು, ಮೂರು ಲಕ್ಷದ ಮಿತಿಯ ಬಳಸದ ಕಾರ್ಡು ಇವೆಯೆನ್ನಿ. ತಿಂಗಳ ಖರ್ಚು ₹40,000. ಒಟ್ಟು ಮಿತಿಯಲ್ಲಿ ಇದು ಶೇ. 10. ಬಳಸದ್ದನ್ನು ಮುಚ್ಚಿದ ಮರುದಿನ, ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡದೆ, ಅದು ಶೇ. 40. ಮಿತಿಯ ಬಳಕೆ ಶೇ. 30 ದಾಟಬಾರದು ಎನ್ನುವವರ ಕಣ್ಣಲ್ಲಿ ಆ ಮನುಷ್ಯ ರಾತ್ರೋರಾತ್ರಿ ದುಂದುಗಾರ. ಶಾಪ ಇಲ್ಲಿ ನಿಜವಾಗಿಯೂ ತಟ್ಟುತ್ತದೆ. ಅದೇ ಖರ್ಚು ₹8,000 ಇದ್ದರೆ ಶೇ. 2 ಹೋಗಿ ಶೇ. 8 ಆಗುತ್ತದೆ, ನರಕದ ಬಾಗಿಲಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮೊದಲನೆಯವರಿಗೂ ಪರಿಹಾರವಿದೆ: ಬಿಲ್ಲು ತಯಾರಾಗುವ ತಾರೀಖಿಗೆ ಮುಂಚೆಯೇ ಒಂದಷ್ಟು ಕಟ್ಟಿಬಿಟ್ಟರೆ ಬಾಕಿ ಕಡಿಮೆ ಕಾಣುತ್ತದೆ. ಮನೆಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಅರ್ಜಿ ಹಾಕುವವರು ಆ ಸಾಲ ಕೈಗೆ ಬರುವವರೆಗೆ ಕತ್ತರಿಯನ್ನು ಮುಟ್ಟದಿರುವುದು ಲೇಸು.

ಎರಡನೆಯ ಆಕ್ಷೇಪ ವಯಸ್ಸಿನದು. ಹಳೆಯ ಕಾರ್ಡು ಹೋದರೆ ಸಾಲದ ಇತಿಹಾಸವೇ ಹೋಯಿತು ಎನ್ನುತ್ತಾರೆ. ಹಳೆಯದರ ವಯಸ್ಸು ಹೇಳುವುದು ಎಷ್ಟು ಅಪಾಯದ ಕೆಲಸವೆಂಬುದಕ್ಕೆ ಐಹೊಳೆಯ ಲಾಡಖಾನ ಗುಡಿಯೇ ಸಾಕ್ಷಿ. ಐದನೆಯ ಶತಮಾನದ್ದೆಂದು ಒಮ್ಮೆ ಹಾರ ತುರಾಯಿ ಹಾಕಿಸಿಕೊಂಡ ಆ ಗುಡಿಯನ್ನು ಮುಂದಿನ ವಿದ್ವಾಂಸರು ಏಳು-ಎಂಟನೆಯ ಶತಮಾನಕ್ಕೆ ತಂದು ನಿಲ್ಲಿಸಿದರು. ಇನ್ನೂರು ಚಿಲ್ಲರೆ ವರ್ಷದ ಇತಿಹಾಸ ಹೋಯಿತು, ಗುಡಿಯ ಒಂದು ಕಲ್ಲೂ ಅಲುಗಲಿಲ್ಲ. ಕಾರ್ಡಿನ ಕಥೆಯೂ ಹೆಚ್ಚು ಕಡಿಮೆ ಹೀಗೇ: ಮುಚ್ಚಿದ ಖಾತೆ ವರದಿಯಿಂದ ಆ ದಿನವೇ ಅಳಿಸಿಹೋಗುವುದಿಲ್ಲ, ‘ಮುಚ್ಚಲಾಗಿದೆ’ ಎಂಬ ಷರಾದೊಂದಿಗೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆದ್ದರಿಂದ ಇರುವುದರಲ್ಲೇ ಅತಿ ಹಳೆಯ, ವಾರ್ಷಿಕ ಶುಲ್ಕವಿಲ್ಲದ ಒಂದು ಕಾರ್ಡನ್ನು ಉಳಿಸಿಕೊಂಡರೆ ಇತಿಹಾಸಪ್ರಜ್ಞೆಗೆ ಧಕ್ಕೆಯಿಲ್ಲ. ಅದಾದ ಮೇಲೂ ಐದಾರು ಇಟ್ಟುಕೊಳ್ಳುವವರು ಇತಿಹಾಸದ ಹೆಸರಿನಲ್ಲಿ ಸೋಮಾರಿತನ ಸಾಕುತ್ತಿದ್ದಾರೆ.

ಸೋಮಾರಿಗಳದೂ ಒಂದು ಪ್ರಬಲ ಪಂಥ. ಮುಚ್ಚುವುದೂ ಬೇಡ, ಬಳಸುವುದೂ ಬೇಡ, ಸ್ಮಾರಕದಂತೆ ಸುಮ್ಮನೆ ಇರಲಿ ಎಂಬುದು ಅವರ ನಿಲುವು. ಸ್ಮಾರಕವಾಗಲು 1958ರ ಕಾಯ್ದೆಯ ಪ್ರಕಾರ ಕನಿಷ್ಠ ನೂರು ವರ್ಷವಾಗಿರಬೇಕು, ಯಾವ ಕಾರ್ಡಿಗೂ ಅಷ್ಟು ಆಯುಸ್ಸಿಲ್ಲ. ಅದಕ್ಕಿಂತ ದೊಡ್ಡ ತೊಡಕು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ: ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ತಿಳಿವಳಿಕೆ ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ಬಾಕಿ ತೀರಿರುವ ಖಾತೆಯನ್ನು ತಾನೇ ಮುಚ್ಚುತ್ತದೆ. ಹಾಗಾಗಿ ‘ಸುಮ್ಮನೆ ಇಡುವುದು’ ಎಂಬ ಮೂರನೆಯ ದಾರಿಯೇ ಇಲ್ಲ. ಉಳಿಸಿಕೊಳ್ಳಬೇಕೆಂದರೆ ಆಗೀಗ ಒಂದು ಮೊಬೈಲ್ ರೀಚಾರ್ಜನ್ನಾದರೂ ಅದರ ಮೇಲೆ ಹಾಕಬೇಕು. ‘ಬಾಕಿ ತೀರಿರುವ’ ಎಂಬ ಷರತ್ತಿನ ಮೇಲೆ ಓದುಗರ ಗಮನ ಸೆಳೆಯಬೇಕಾಗಿದೆ, ಯಾಕೆಂದರೆ ನಮ್ಮ ಸಿದ್ಧಾಂತ ನಿಂತಿರುವುದೇ ಅಲ್ಲಿ. ಚಾಲೂ ಮಾಡಿ ಹೀಗೆ ಸೀರೆಯ ಮಡಿಕೆಯಲ್ಲಿ ಮರೆತ ಕಾರ್ಡಿಗೆ ಎರಡನೆಯ ವರ್ಷ ₹500 ಶುಲ್ಕ ಬಿತ್ತೆನ್ನಿ. ಶೇ. 18 ಜಿಎಸ್‌ಟಿ ಸೇರಿ ₹590. ಬಿಲ್ಲು ಬದಲಾದ ಮೊಬೈಲ್ ನಂಬರಿಗೆ ಹೋಯಿತು, ಕಟ್ಟಲಿಲ್ಲ. ತಡದಂಡ ಬಿತ್ತು, ಬಡ್ಡಿ ಸೇರಿತು, ಬಾಕಿದಾರ ಎಂಬ ಷರಾ ಸಾಲದ ವರದಿಗೆ ಏರಿತು. ಸೂಜಿಯಷ್ಟೂ ಖರೀದಿ ಮಾಡದವರ ಸ್ಕೋರು ಹೀಗೆ ಕುಸಿಯುತ್ತದೆ, ಅದೂ ಮುಚ್ಚಿದ್ದರಿಂದಲ್ಲ, ಮುಚ್ಚದೆ ಬಿಟ್ಟಿದ್ದರಿಂದ. ಮಂಗಳೇಶನ ಶಾಪ ಅಳಿದವನಿಗೆ, ಬ್ಯಾಂಕಿನದು ಕಾಪಿಟ್ಟವನಿಗೆ. ಈ ವ್ಯತ್ಯಾಸವನ್ನು ಗುರುತಿಸದೆ ಪೂರ್ವಪಕ್ಷದವರು ಹದಿನಾಲ್ಕು ಶತಮಾನ ಹಳೆಯ ಹೆದರಿಕೆಯನ್ನು ಹೊಸ ವಸ್ತುವಿಗೆ ಅಂಟಿಸಿದ್ದಾರೆ.

ಆಪತ್ತಿಗೆ ಬೇಕಾದೀತು ಎಂಬ ಕೊನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಆಪತ್ತಿಗೆ ಒದಗುವುದು ದಿನವೂ ಬಳಸುವ ಕಾರ್ಡು. ಚಾಲೂ ಮಾಡದ, ಪಿನ್ ನೆನಪಿಲ್ಲದ ಕಾರ್ಡು ದವಾಖಾನೆಯ ಕೌಂಟರಿನಲ್ಲಿ ಇನ್ನೊಂದು ಆಪತ್ತು. ಅದರಿಂದ ನಗದು ತೆಗೆದರಂತೂ ಬಡ್ಡಿ ಅದೇ ದಿನದಿಂದ ಶುರು.

ಹೀಗೆ ಶುಲ್ಕ ಬೀಳುವ, ಬಳಸದ ಕಾರ್ಡುಗಳನ್ನು ಮುಚ್ಚತಕ್ಕದ್ದೆಂದು ಸಿದ್ಧವಾಯಿತು. ವಿಧಿ ಸುಲಭ: ಅದಕ್ಕೆ ಜೋಡಿಸಿದ ತಿಂಗಳ ಕಂತು, ಚಂದಾಗಳನ್ನು ಬಿಡಿಸಿ, ಪಾಯಿಂಟು ಬಳಸಿ, ಬಾಕಿಯನ್ನು ಪೈಸೆಗೆ ಪೈಸೆ ತೀರಿಸಿ, ಅರ್ಜಿ ಕೊಟ್ಟ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬರೀ ಪ್ಲಾಸ್ಟಿಕ್ಕನ್ನು ಕತ್ತರಿಸುವುದರಿಂದ ಖಾತೆ ಸಾಯುವುದಿಲ್ಲ; ಶಾಸನದ ಕಲ್ಲು ಒಡೆದರೆ ದತ್ತಿ ರದ್ದಾಗುತ್ತದೆಂದು ನಂಬಿದವರು ಮಾಡಿದ ತಪ್ಪೂ ಇದೇ. ಮುಚ್ಚಿದ ಮೇಲೆ ಸಾಲಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪುಕ್ಕಟೆ ಕೊಡುವ ವರದಿ ತರಿಸಿ ನೋಡುವುದು ಒಳ್ಳೆಯದು. ಇನ್ನು, ಬಾಕಿಯಿಲ್ಲದ ಖಾತೆಯನ್ನು ಏಳು ಕೆಲಸದ ದಿನ ಕಳೆದರೂ ಬ್ಯಾಂಕು ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ ₹500ರಂತೆ ಅದೇ ಗ್ರಾಹಕರಿಗೆ ದಂಡ ಕೊಡಬೇಕು. ಜೀವಂತವಾಗಿದ್ದಾಗ ಒಂದು ಪಾಯಿಂಟನ್ನೂ ದುಡಿಯದ ಕಾರ್ಡು ಸಾಯಲು ತಡ ಮಾಡಿದರೆ ಎರಡೇ ದಿನಕ್ಕೆ ಸಾವಿರ ರೂಪಾಯಿ ತರುತ್ತದೆ. ಇದರ ಮೇಲೆ ನಮ್ಮ ಇಳಕಲ್ ಶಾಖೆಯ ವಿದ್ವಾಂಸರು ಪ್ರತ್ಯೇಕ ಸಂಪುಟವನ್ನೇ ಯೋಜಿಸಿದ್ದಾರೆ.