ತಳ್ಳಿಕೊಂಡು ಹೋಗುವ ಸುಖ

ಸೈಕಲ್ಲಿಗರಲ್ಲಿ ಮೊದಲು ಎರಡೇ ಪಂಗಡಗಳಿದ್ದವು. ನುಣುಪು ಡಾಂಬರಿನ ಮೇಲೆ ತಲೆ ತಗ್ಗಿಸಿಕೊಂಡು, ದಾರಿಯಲ್ಲಿ ಏನೂ ಕಾಣದಷ್ಟು ವೇಗವಾಗಿ ಹೋಗುವವರದು ಒಂದು. ಬಂಡೆಯಿಂದ ಬಂಡೆಗೆ ನೆಗೆದು ಮೂಳೆ ವೈದ್ಯರ ಸಂಸಾರ ಸಾಗಿಸುವವರದು ಇನ್ನೊಂದು. ವೇಗವೂ ಬೇಡ, ಮೂಳೆಯೂ ಮುರಿಯಬಾರದು, ಆದರೂ ಸೈಕಲ್ ಸವಾರ ಅನ್ನಿಸಿಕೊಳ್ಳಬೇಕು ಎನ್ನುವ ನನ್ನಂಥ ಮಧ್ಯಮಮಾರ್ಗಿಗಳಿಗೆ ಈಚೆಗೆ ದಕ್ಕಿದ ಮತವೇ ಗ್ರಾವೆಲ್, ಅಂದರೆ ಜಲ್ಲಿದಾರಿಯ ಸವಾರಿ.

ಈ ಮತದ ಸೈಕಲ್ಲಿನ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿರುತ್ತದೆ. ಟೈರು ಸುಮಾರು 40 ಮಿಲಿಮೀಟರ್ ಅಗಲ, ಅದರಲ್ಲಿ ಗಾಳಿ ಬೇಕೆಂದೇ ಕಡಿಮೆ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಕುಕ್ಕುತ್ತದೆ. ಮೆತ್ತಗಿರುವ ಟೈರು ಕಲ್ಲನ್ನು ತಾನೇ ನುಂಗಿಕೊಂಡು ಮುಂದೆ ಹೋಗುತ್ತದೆ. ಹೀಗೆ ಜಲ್ಲಿ, ಮಣ್ಣು, ಕಾಡಿನ ಕಚ್ಚಾರಸ್ತೆ ಎಲ್ಲಕ್ಕೂ ಹೊಂದಿಕೊಳ್ಳುವ ಈ ಗಾಡಿಗೆ ಹೆಸರು ಕೊಟ್ಟವರು ಅಮೆರಿಕದವರು. ಫ್ರಾನ್ಸಿನ ಹಳೇ ಸೈಕಲ್ಲಿಗರ ಎದುರು ಈ ಮಾತೆತ್ತಿದರೆ ಅವರು ಭುಜ ಕುಣಿಸುತ್ತಾರೆ. ನಮ್ಮಜ್ಜ ಇದರ ಮೇಲೆಯೇ ಅಲ್ಲವೇ ಊರೂರು ಸುತ್ತಿದ್ದು ಎಂಬುದು ಅದರ ಅರ್ಥ.

ಅವರ ಮಾತಿನಲ್ಲಿ ಹುರುಳಿದೆ. ಸೇಂತ್-ಎತಿಯೆನ್ ಪಟ್ಟಣದಲ್ಲಿ ಪೋಲ್ ದ ವಿವಿ ಎಂಬ ಮಹಾನುಭಾವನಿದ್ದ. ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. 1887ರಲ್ಲೇ ಸೈಕಲ್ಲಿಗೆಂದು ಒಂದು ಪತ್ರಿಕೆ ಹೊರಡಿಸಿದ. ಸೈಕಲ್ಲಿಗೆ ಹಲವು ಗೇರುಗಳಿರಬೇಕು ಎಂದು ಜೀವಮಾನವಿಡೀ ವಾದಿಸಿದ. ಗಂಡಸಾದವನು ಒಂದೇ ಗೇರಿನಲ್ಲಿ ಬೆಟ್ಟ ಹತ್ತಬೇಕು ಎಂದು ನಂಬಿದ್ದ ಕಾಲ ಅದು. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೋ ಅದನ್ನು ನೋಡಲಿಲ್ಲ, 1930ರಲ್ಲೇ ತೀರಿಕೊಂಡಿದ್ದ. ಸವಾರರಿಗೆಂದು ಅವನು ಏಳು ಕಟ್ಟಳೆ ಬರೆದಿಟ್ಟಿದ್ದಾನೆ. ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ, ದಾರಿಯಲ್ಲಿ ಮಾಂಸ, ಮದ್ಯ, ಹೊಗೆಸೊಪ್ಪು ಮುಟ್ಟಬೇಡ ಎಂದೆಲ್ಲ ಹೇಳಿ, ಜಂಬಕ್ಕಾಗಿ ಪೆಡಲ್ ತುಳಿಯಬೇಡ ಎಂದು ಮುಗಿಸುತ್ತಾನೆ. ಆತ ಸ್ವತಃ ಸಸ್ಯಾಹಾರಿ. ಹಂದಿಮಾಂಸವಿಲ್ಲದ ಊಟವೇ ಇಲ್ಲ ಎನ್ನುವ ಸೀಮೆಗಳಲ್ಲಿ ಆಮ್ಲೆಟ್ಟನ್ನೇ ನೆಚ್ಚಿಕೊಂಡು ಬದುಕುವಾಗ ಈ ಸಂಗತಿ ನನಗೆ ದೊಡ್ಡ ಧೈರ್ಯ ಕೊಟ್ಟಿದೆ.

ಅಂಥದೊಂದು ಸೀಮೆ ಮೊರ್ವಾಂ. ಫ್ರಾನ್ಸಿನ ಬರ್ಗಂಡಿ ಎಂದರೆ ಜನರ ಕಣ್ಣಿಗೆ ದ್ರಾಕ್ಷಿತೋಟ ಬರುತ್ತದೆ. ಆ ತೋಟಗಳ ಪಶ್ಚಿಮಕ್ಕೆ, ದ್ರಾಕ್ಷಿಗೆ ಒಗ್ಗದ ಗ್ರಾನೈಟ್ ನೆಲ, ಕಾಡು, ಮಳೆ, ಚಳಿ ಸೇರಿ ಆದದ್ದು ಮೊರ್ವಾಂ. ಅತಿ ಎತ್ತರದ ಶಿಖರ ಓ-ಫೋಲಾಂ ಬರೀ 901 ಮೀಟರ್. ನಕ್ಷೆಯಲ್ಲಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಇಲ್ಲಿನ ಬೆಟ್ಟಗಳು ಒಂದೇ ಏಟಿಗೆ ಏರಿ ಮುಗಿಯುವುದಿಲ್ಲ. ಏರುತ್ತವೆ, ಒಂದು ಹಳ್ಳಕ್ಕೆ ಇಳಿಯುತ್ತವೆ, ಹತ್ತಿದ್ದೆಲ್ಲ ದಂಡ ಮಾಡಿ ಮತ್ತೆ ಮೊದಲಿನಿಂದ ಏರುತ್ತವೆ. ಮೊರ್ವಾಂನಿಂದ ಒಳ್ಳೆಯ ಗಾಳಿಯೂ ಬರದು, ಒಳ್ಳೆಯ ಜನರೂ ಬರರು ಎಂದು ಸುತ್ತಲಿನ ಬಯಲುಸೀಮೆಯವರು ಗಾದೆ ಕಟ್ಟಿದ್ದರಂತೆ. ಗಾಳಿಯ ಮಟ್ಟಿಗೆ ಒಪ್ಪಬಹುದು. ಯಾವ ದಿಕ್ಕಿಗೆ ಹೋದರೂ ಎದುರಿನಿಂದಲೇ ಬೀಸುತ್ತದೆ.

ಬಡಗಣದ ಅಂಚಿನಲ್ಲಿ ವೆಜ್ಲೇ ಇದೆ. ಗುಡ್ಡದ ನೆತ್ತಿಯ ಮೇಲೆ ಒಂದು ಚರ್ಚು, ಅದರವರೆಗೆ ಒಂದೇ ಕಡಿದಾದ ಬೀದಿ, ಬೀದಿಯ ಎರಡೂ ಬದಿ ಮನೆ. 1146ರಲ್ಲಿ ಸಂತ ಬರ್ನಾರ್ಡ್ ಇಲ್ಲೇ ನಿಂತು ಎರಡನೆಯ ಧರ್ಮಯುದ್ಧಕ್ಕೆ ಜನರನ್ನು ಹುರಿದುಂಬಿಸಿದ. ಕುಸಿಯುತ್ತಿದ್ದ ಈ ಚರ್ಚನ್ನು ಉಳಿಸುವ ಕೆಲಸ 1840ರಲ್ಲಿ ವಿಯೊಲೆ-ಲ-ದ್ಯೂಕ್ ಎಂಬ 26ರ ಹುಡುಗನ ಪಾಲಿಗೆ ಬಂತು. ಮುಂದೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೂ ಅವನೇ ಕೈಹಾಕಿದ. ಬೇಸಿಗೆಯ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ, ಕಿಟಕಿಗಳಿಂದ ಬಿದ್ದ ಬಿಸಿಲು ಒಳಗಿನ ನೆಲದ ನಟ್ಟನಡುವೆ ಬೆಳಕಿನ ಬೊಟ್ಟುಗಳ ಸಾಲಿಡುತ್ತದೆ. ಆ ಹೊತ್ತಿಗೆ ಸರಿಯಾಗಿ ತಲುಪಲು ಭಕ್ತಿ ಸಾಲದು, ಚಿಕ್ಕ ಗೇರೂ ಬೇಕು.

ಅದೇ ಬೀದಿಯಲ್ಲಿ ರೊಮಾ ರೊಲಾನ ಮನೆಯಿದೆ. ರಾಮಕೃಷ್ಣ ಪರಮಹಂಸರ, ವಿವೇಕಾನಂದರ, ಗಾಂಧಿಯ ಚರಿತ್ರೆ ಬರೆದ ಆ ನೊಬೆಲ್ ಲೇಖಕ ಕೊನೆಯ ವರ್ಷಗಳನ್ನು ಕಳೆದದ್ದು, 1944ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಇಲ್ಲೇ. ಮನೆ ಈಗ ಆಧುನಿಕ ಕಲೆಯ ಮ್ಯೂಸಿಯಂ. ನಮ್ಮ ಕಡೆ ರಾಮಕೃಷ್ಣ ಆಶ್ರಮಗಳ ಪುಸ್ತಕದ ಅಂಗಡಿಯಲ್ಲಿ ಅವನ ಹೆಸರು ನೋಡಿದವರು ಎಷ್ಟೋ ಮಂದಿ. ವಿಚಿತ್ರವೆಂದರೆ ಆತ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ರಾಮಕೃಷ್ಣರ ದಕ್ಷಿಣೇಶ್ವರವನ್ನು ಕೂತಲ್ಲೇ ಕಂಡವನ ಊರನ್ನು ಕಾಣಲು ನಾನು ಇಷ್ಟು ಬೆವರಬೇಕಾಯಿತು.

ರೊಲಾ ಹುಟ್ಟಿದ್ದು ಹತ್ತಿರದ ಕ್ಲಾಮ್ಸಿಯಲ್ಲಿ. ಆ ಊರಿನ ಕಥೆ ತಿಳಿದರೆ ಮೊರ್ವಾಂನ ದಾರಿಗಳೆಲ್ಲ ಅರ್ಥವಾಗುತ್ತವೆ. ಸುಮಾರು ಮುನ್ನೂರು ವರ್ಷ ಪ್ಯಾರಿಸ್ಸಿನ ಒಲೆಗಳು ಉರಿದದ್ದು ಈ ಕಾಡಿನ ಸೌದೆಯಿಂದ. ಕಡಿದ ತುಂಡುಗಳಿಗೆ ವ್ಯಾಪಾರಿಯ ಮುದ್ರೆ ಒತ್ತಿ, ತೊರೆಗೆ ಎಸೆದು, ಮೇಲಿನ ಕೆರೆಗಳ ತೂಬೆತ್ತಿ ನೀರು ಬಿಡುತ್ತಿದ್ದರು. ತೇಲಿಬಂದ ಸೌದೆಯನ್ನು ಕ್ಲಾಮ್ಸಿಯಂಥ ಕಡೆ ಹಿಡಿದು, ತೆಪ್ಪ ಕಟ್ಟಿ, ಯೋನ್ ಮತ್ತು ಸೇನ್ ನದಿಗಳ ಮೇಲೆ ರಾಜಧಾನಿಗೆ ಸಾಗಿಸುತ್ತಿದ್ದರು. ಇಂದು ಪ್ರವಾಸಿಗಳು ದೋಣಿ ತುಳಿಯುವ ಸೆತ್ತೋಂ ಸರೋವರದ ಅಣೆಕಟ್ಟು 1858ರಲ್ಲಿ ಮುಗಿದದ್ದೂ ಈ ಸೌದೆ ತೇಲಿಸಲಿಕ್ಕೇ. ಆಮೇಲೆ ಕಲ್ಲಿದ್ದಲು ಬಂತು, ರೈಲು ಬಂತು, ತೆಪ್ಪದವರು ಪ್ರತಿಮೆಗಳಾದರು.

ಸೌದೆಯ ಹಿಂದೆ ಹಾಲೂ ಹೋಯಿತು. 19ನೇ ಶತಮಾನದಲ್ಲಿ ಇಲ್ಲಿನ ಬಾಣಂತಿಯರು ತಮ್ಮ ಕೂಸನ್ನು ಮನೆಯಲ್ಲಿ ಬಿಟ್ಟು, ಪ್ಯಾರಿಸ್ಸಿನ ಸಿರಿವಂತರ ಮಕ್ಕಳಿಗೆ ಮೊಲೆಯೂಡಲು ಹೋಗುತ್ತಿದ್ದರು. ಆ ಸಂಬಳದಿಂದ ಕಟ್ಟಿದ ಮನೆಗಳನ್ನು ಹಾಲಿನ ಮನೆಗಳೆಂದು ಕರೆಯುತ್ತಾರೆ. ಅದಕ್ಕೆ ಬದಲಾಗಿ ಪ್ಯಾರಿಸ್ಸು ಇಲ್ಲಿಗೆ ಕಳಿಸಿದ್ದು ತನ್ನ ಅನಾಥ ಮಕ್ಕಳನ್ನು. ಲೇಖಕ ಜಾನ್ ಜೆನೆ ಅಂಥ ಒಂದು ಮಗು. ಬೆಳೆದದ್ದು ಅಲಿನ್ಯಿ ಎಂಬ ಹಳ್ಳಿಯಲ್ಲಿ. ಅಲ್ಲಿ ಈಗ ಆ ದಾದಿಯರದೂ ಆ ಮಕ್ಕಳದೂ ಮ್ಯೂಸಿಯಂ ಇದೆ. ಹೊರಗೆ ಸೈಕಲ್ ಒರಗಿಸಿ ಒಳಗೆ ಹೋದವನಿಗೆ ಸ್ವಲ್ಪ ಹೊತ್ತು ತಮಾಷೆ ಮಾಡುವ ಮನಸ್ಸಾಗುವುದಿಲ್ಲ.

ಕಾಡಿನ ಬದಿಯ ಸ್ಮಾರಕದ ಕಲ್ಲುಗಳೂ ಹಾಗೆಯೇ ಮಾಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಹೋರಾಡಿದ ಗೆರಿಲ್ಲಾ ಪಡೆಗಳು ಈ ಮರಗಳ ನಡುವೆ ಅಡಗಿದ್ದವು. ದನ್-ಲೆ-ಪ್ಲಾಸ್ ಹಳ್ಳಿಯಲ್ಲಿ 1944ರ ಜೂನ್ ಕೊನೆಗೆ 27 ಗಂಡಸರನ್ನು ಜರ್ಮನ್ ಪಡೆ ಕೊಂದಿತು. ಸ್ಮಾರಕದ ಮೇಲೆ ಹೆಸರುಗಳಿವೆ. ಕಾರಿನಲ್ಲಿ ಹೋಗುವವರಿಗೆ ಅವನ್ನು ಓದುವಷ್ಟು ಹೊತ್ತು ಸಿಗದು.

ಇನ್ನು ಹೊಟ್ಟೆಯ ಸಮಾಚಾರ. ಫ್ರಾನ್ಸಿನ ಹಳ್ಳಿ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕುತ್ತದೆ. ಎರಡು ಗಂಟೆಯ ನಂತರ ತೆರೆಯುತ್ತದೆ, ಮನಸ್ಸಿದ್ದರೆ. ಸೋಮವಾರ ಬಹಳ ಕಡೆ ಮನಸ್ಸಿರುವುದಿಲ್ಲ. ಬೇಕರಿಯ ಗಾಜಿನಾಚೆ ಬ್ರೆಡ್ಡು ಕಾಣುತ್ತಿದ್ದರೂ ಅದು ದೇವರ ನೈವೇದ್ಯದಷ್ಟೇ ದೂರ. ನೀರಿಗೆ ಮಾತ್ರ ಒಂದು ಉಪಾಯವಿದೆ, ಅಲ್ಲಿನ ಸೈಕಲ್ಲಿಗರೆಲ್ಲ ಬಲ್ಲದ್ದು: ಊರ ಸ್ಮಶಾನಕ್ಕೆ ಹೋಗುವುದು. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಕೊಳ್ಳಬಹುದು. ಮಡಿವಂತ ಮನೆತನದಲ್ಲಿ ಹುಟ್ಟಿದವನಿಗೆ ಮೊದಲ ಗುಟುಕು ಕಷ್ಟ. ಎರಡು ಬೆಟ್ಟ ದಾಟಿದ ಮೇಲೆ ಅದೇ ತೀರ್ಥ. ಕಾರೆ-ಲೆ-ತೋಂಬ್ ಎಂಬ ಊರಿನಲ್ಲಿ ಸ್ಮಶಾನ ಹುಡುಕುವ ಶ್ರಮವೂ ಇಲ್ಲ. ಮಧ್ಯಯುಗದ ನೂರಕ್ಕೂ ಹೆಚ್ಚು ಕಲ್ಲಿನ ಶವಪೆಟ್ಟಿಗೆಗಳು ಮತ್ತು ಮುಚ್ಚಳಗಳು ಚರ್ಚಿನ ಸುತ್ತಲೇ ಬಿದ್ದುಕೊಂಡಿವೆ. ಮಕ್ಕಳು ಅವುಗಳ ಮೇಲೆ ಕೂತು ಐಸ್‌ಕ್ರೀಂ ತಿನ್ನುತ್ತಾರೆ.

ಅಲ್ಲಿಂದ ಕಾಡಿನ ಜಲ್ಲಿದಾರಿ ಹಿಡಿದರೆ ಸೇಂ-ಲೆಜೆ-ವೊಬಾಂ. ಹದಿನಾಲ್ಕನೇ ಲೂಯಿಯ ಕೋಟೆ ತಜ್ಞ ವೊಬಾಂ 1633ರಲ್ಲಿ ಹುಟ್ಟಿದ ಹಳ್ಳಿ. ಫ್ರಾನ್ಸಿನ ಗಡಿಯುದ್ದಕ್ಕೂ ಕೋಟೆ ಕಟ್ಟಿದ ಈ ಮನುಷ್ಯನಿಗೆ ಎಣಿಸುವ ಹುಚ್ಚು. 1696ರಲ್ಲಿ ವೆಜ್ಲೇ ಸೀಮೆಯ ಜನ, ಜಾನುವಾರು, ಹೊಲ, ಬಡತನ ಎಲ್ಲವನ್ನೂ ಪಟ್ಟಿಮಾಡಿದ. ಒಂದೇ ಹೆಣ್ಣುಹಂದಿಯ ಸಂತತಿ ಹತ್ತು-ಹನ್ನೆರಡು ವರ್ಷದಲ್ಲಿ ಎಷ್ಟಾದೀತೆಂದು ಕೂತು ಲೆಕ್ಕಹಾಕಿ, ಅರವತ್ತು ಲಕ್ಷ ದಾಟಿಸಿದ. ಬಡವರ ಊಟದ ಚಿಂತೆಯಿಂದ ಹುಟ್ಟಿದ ಲೆಕ್ಕ ಅದು. ಶ್ರೀಮಂತರೂ ತೆರಿಗೆ ಕೊಡಲಿ ಎಂದು ಬರೆದ ಅವನ ಪುಸ್ತಕವನ್ನು 1707ರಲ್ಲಿ ನಿಷೇಧಿಸಿದರು. ಹಂದಿಯ ಲೆಕ್ಕಕ್ಕೆ ಯಾರ ಆಕ್ಷೇಪವೂ ಇರಲಿಲ್ಲ.

ದಕ್ಷಿಣದಲ್ಲಿ, ಬೀಚ್ ಮರಗಳ ನಡುವೆ, ಮೋಂ ಬ್ಯೂವ್ರೇ. 821 ಮೀಟರ್. ಇದರ ನೆತ್ತಿಯಲ್ಲೇ ಗಾಲ್ ಜನರ ಬಿಬ್ರಾಕ್ತ್ ನಗರವಿತ್ತು. ಕ್ರಿ.ಪೂ. 52ರಲ್ಲಿ ಗಾಲ್ ಪಂಗಡಗಳು ವರ್ಸಿಂಜೆಟೋರಿಕ್ಸ್‌ನನ್ನು ರೋಮನ್ನರ ಸೀಸರನ ವಿರುದ್ಧ ದಂಡನಾಯಕನೆಂದು ಒಪ್ಪಿಕೊಂಡದ್ದು ಇಲ್ಲಿ. ಅವನನ್ನು ಸೋಲಿಸಿ ಸೀಸರ್ ಚಳಿಗಾಲ ಕಳೆದದ್ದೂ ಇಲ್ಲೇ. ಆಮೇಲೆ ರೋಮ್ ಚಕ್ರವರ್ತಿ ಅಗಸ್ಟಸ್ ತನ್ನ ಹೆಸರಿನಲ್ಲಿ ಬಯಲಿನಲ್ಲೊಂದು ಹೊಸ ನಗರ ಕಟ್ಟಿಸಿದ. ಬಿಬ್ರಾಕ್ತ್‌ನವರು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗಿಳಿದರು. ಅದೇ ಇಂದಿನ ಓತಂ.

ಓತಂನ ಸೇಂ-ಲಜಾರ್ ಚರ್ಚಿನ ಬಾಗಿಲ ಮೇಲೆ, 1130ರ ಹೊತ್ತಿಗೆ ಕೆತ್ತಿದ ಅಂತಿಮ ತೀರ್ಪಿನ ಶಿಲ್ಪವಿದೆ. ಗಿಸ್ಲೆಬೆರ್ತುಸ್ ಎಂಬ ಹೆಸರೂ ಕೊರೆದಿದೆ. ಅದು ಶಿಲ್ಪಿಯದೋ, ಮಾಡಿಸಿದವನದೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. 1766ರಲ್ಲಿ ಇಲ್ಲಿನ ಪಾದ್ರಿಗಳಿಗೆ ಇದು ಒರಟು ಕೆಲಸ ಅನ್ನಿಸಿ, ಮೇಲೆ ಗಾರೆ ಮೆತ್ತಿಸಿದರು. ಏಸುವಿನ ತಲೆ ಮುಂದೆ ಚಾಚಿ ಅಡ್ಡಿಯಾಗುತ್ತಿತ್ತು, ಒಡೆದು ತೆಗೆಸಿದರು. ಕಾಲು ಶತಮಾನದಲ್ಲಿ ಕ್ರಾಂತಿ ಬಂತು. ಊರೂರ ಚರ್ಚುಗಳ ಮೂರ್ತಿ ಒಡೆದ ಕ್ರಾಂತಿಕಾರಿಗಳಿಗೆ ಇಲ್ಲಿ ಕಂಡದ್ದು ಬರೀ ಗಾರೆ. ಶಿಲ್ಪ ಉಳಿಯಿತು. 1837ರಲ್ಲಿ ಗಾರೆ ಕೆರೆದು ತೆಗೆದರು. 1948ರಲ್ಲಿ ತಲೆಯೂ ಸ್ವಸ್ಥಾನ ಸೇರಿತು. ಅರಸಿಕತೆಯಿಂದ ಕಲೆಗೆ ಇಷ್ಟು ಉಪಕಾರವಾದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಷ್ಟು ಸುತ್ತಿದ ಮೇಲೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಮೊರ್ವಾಂನ ಚರಿತ್ರೆಯೆಂದರೆ ಇಳಿದುಹೋದವರ ಚರಿತ್ರೆ. ಸೌದೆ ಇಳಿಯಿತು, ಹಾಲು ಇಳಿಯಿತು, ಇಡೀ ಬಿಬ್ರಾಕ್ತ್ ನಗರವೇ ಇಳಿಯಿತು. ಶಾತೋ-ಶಿನೋಂ ಊರಿಗೆ 1959ರಿಂದ ಮೇಯರ್ ಆಗಿದ್ದ ಮಿತೆರಾಂ ಕೂಡ 1981ರಲ್ಲಿ ಅಧ್ಯಕ್ಷನಾಗಿ ಪ್ಯಾರಿಸ್ಸಿಗೆ ಇಳಿದ. ಉಡುಗೊರೆಯಾಗಿ ಬಂದ ಆನೆದಂತ, ಗಾಲೀಚೆಗಳನ್ನು ಮಾತ್ರ ಮ್ಯೂಸಿಯಂ ಮಾಡಿರೆಂದು ಬೆಟ್ಟದ ಮೇಲಕ್ಕೆ ಕಳಿಸಿದ. ಈಗಲೂ ಕಾಡಿನ ದಾರಿಗಳನ್ನು ಕೊರೆಯುತ್ತಿರುವುದು ಡಗ್ಲಸ್ ಫರ್ ದಿಮ್ಮಿ ಹೊತ್ತು ಕೆಳಗಿಳಿಯುವ ಲಾರಿಗಳೇ. ಹಳೆಯ ಓಕ್, ಬೀಚ್ ಕಾಡು ಕಡಿದು ಈ ಸೂಚಿಪರ್ಣಿಗಳನ್ನು ಸಾಲುಹಿಡಿದು ನೆಟ್ಟಿದ್ದಾರೆ. ಬೋಳುಗುಡ್ಡ ನೋಡಿ ಊರಿನವರು ಸಿಟ್ಟಾಗುತ್ತಾರೆ. ಆದರೆ ಆ ಲಾರಿಗಳಿಗೆಂದು ಸುರಿದ ಜಲ್ಲಿಯೇ ನಮ್ಮಂಥವರ ರಾಜಮಾರ್ಗ. ಇಲ್ಲಿ ಸುಮ್ಮಸುಮ್ಮನೆ ಮೇಲೆ ಹತ್ತುವವನು ಸೈಕಲ್ಲಿಗ ಒಬ್ಬನೇ. ಬೇಲಿಯಾಚೆಯ ಬಿಳಿ ಶಾರೊಲೆ ದನಗಳು ಮೆಲುಕು ನಿಲ್ಲಿಸಿ ಅವನನ್ನು ನೋಡುವುದಕ್ಕೆ ಕಾರಣವಿದೆ.

ನೀವೂ ಹೋಗುವುದಾದರೆ ಮೇ, ಜೂನ್ ಒಳ್ಳೆಯದು. ಶರತ್ಕಾಲದಲ್ಲಿ ಬೇಟೆಯವರು ಕೋವಿ ಹಿಡಿದಿರುತ್ತಾರೆ. ಆಗ ಹೋದರೆ ಕಣ್ಣಿಗೆ ರಾಚುವ ಬಣ್ಣದ ಅಂಗಿ ತೊಡಿ, ಕಾಡುಹಂದಿಯ ಬಣ್ಣದ್ದು ಬೇಡ. ಬ್ರೆಡ್ಡನ್ನು ಹನ್ನೆರಡರೊಳಗೆ ಕೊಂಡುಬಿಡಿ, ಸೋಮವಾರದ್ದನ್ನು ಭಾನುವಾರವೇ. ಏರು ಮೀರಿದರೆ ನಾಚಿಕೆ ಬಿಟ್ಟು ಇಳಿದು ತಳ್ಳಿ. ಜಂಬಕ್ಕಾಗಿ ತುಳಿಯಬೇಡವೆಂದು ವೆಲೋಸಿಯೋನೇ ಹೇಳಿದ್ದಾನೆ, ಅದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಯಾರಾದರೂ ಎದುರಾದರೆ ‘ಬೋಂಜೂರ್’ ಅನ್ನಿ. ಉಸಿರು ಉಳಿದಿದ್ದರೆ ಗಟ್ಟಿಯಾಗಿಯೇ ಅನ್ನಿ.