ಕುಂದ್ರು ಮೀಮಾಂಸೆ: ಭೀಮಾ–ಕೃಷ್ಣೆಯರ ನಡುವಿನ ತಲಿಬಿಸಿ ಶಮನಶಾಸ್ತ್ರ

‘ತಲಿಬಿಸಿ’ ಎಂಬುದು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳಲ್ಲಿ ಬಳಕೆಯಲ್ಲಿರುವ ಒಂದು ಪಾರಿಭಾಷಿಕ ಪದವಾಗಿದ್ದು, ವೈದ್ಯರು ‘ಮಾನಸಿಕ ಒತ್ತಡ’ವೆಂದೂ ವೈದ್ಯರ ಬಳಿಗೆ ಹೋಗಿಬಂದವರು ‘ಟೆನ್ಶನ್’ ಎಂದೂ ಕರೆಯುವ ಬಾಧೆಯನ್ನೇ ಅದು ಸೂಚಿಸುತ್ತದೆ. ಒತ್ತಡವು ಹೊರಗಿನಿಂದ ಬೀಳುವ ಭಾರವಾದುದರಿಂದ ಅದನ್ನು ಇಳಿಸಬೇಕಾಗುತ್ತದೆ. ಬಿಸಿಯಾದರೋ ಒಳಗಿನಿಂದ ಏರುವ ಕಾವಾದುದರಿಂದ ಅದನ್ನು ಆರಲು ಬಿಟ್ಟರೆ ಸಾಕು. ಈ ಸೂಕ್ಷ್ಮ ಭೇದದ ಮೇಲೆಯೇ ಪ್ರಸ್ತುತ ಶಾಸ್ತ್ರವು ನಿಂತಿದೆ, ಅಥವಾ ಇನ್ನಷ್ಟು ಖಚಿತವಾಗಿ ಹೇಳುವುದಾದರೆ, ಕುಳಿತಿದೆ. ಮೇ ತಿಂಗಳಲ್ಲಿ ಪಾದರಸವು 40 ಡಿಗ್ರಿ ದಾಟುವ ನಾಡಿನಲ್ಲಿ ತಲೆ ಕಾದುದು ಚಿಂತೆಯಿಂದಲೋ ಬಿಸಿಲಿನಿಂದಲೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲವಾದರೂ, ಎರಡಕ್ಕೂ ಮದ್ದು ಅದೇ ಬೇವಿನ ಗಿಡದ ನೆರಳಾಗಿರುವುದರಿಂದ ವಿದ್ವಾಂಸರು ಆ ಗೋಜಿಗೆ ಹೋಗಿಲ್ಲ.

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಪತ್ತು ಎದುರಾದಾಗ ಪ್ರಾಣಿಯ ದೇಹವು ಕಾದಾಡುವುದಕ್ಕೋ ಓಡಿಹೋಗುವುದಕ್ಕೋ ಅಣಿಯಾಗುತ್ತದೆ ಎಂದು ವಿವರಿಸಿದನು. ಈ ಎರಡೂ ವಿಧಾನಗಳನ್ನು ಮುದ್ದೇಬಿಹಾಳ ಸೀಮೆಯು ಅದಕ್ಕೆ ಮುನ್ನೂರೈವತ್ತು ವರ್ಷ ಮೊದಲೇ ಒಂದೇ ದಿನದಲ್ಲಿ ಪರೀಕ್ಷಿಸಿ ಮುಗಿಸಿತ್ತು. 1565ರ ಜನವರಿ 23ರಂದು ನಡೆದು, ಮೊನ್ನೆ ಮೊನ್ನೆಯವರೆಗೆ ಮುದ್ದೇಬಿಹಾಳ ತಾಲೂಕಿನಲ್ಲಿಯೇ ಇದ್ದ ತಾಳಿಕೋಟೆಯ ಹೆಸರನ್ನು ಹೊತ್ತ ಯುದ್ಧದಲ್ಲಿ ವಿಜಯನಗರದ ರಾಮರಾಯನು ಮೊದಲನೆಯ ವಿಧಾನವನ್ನು ಅನುಸರಿಸಿ ತಲೆಯನ್ನೇ ಕಳೆದುಕೊಂಡನು. ಅವನ ತಮ್ಮ ತಿರುಮಲನು ಎರಡನೆಯದನ್ನು ಅನುಸರಿಸಿ ಬೊಕ್ಕಸದೊಡನೆ ಪೆನುಕೊಂಡೆಯನ್ನು ಸೇರಿದನು. ಎರಡರಿಂದಲೂ ವಿಜಯನಗರಕ್ಕೆ ಒಳ್ಳೆಯದಾಗಲಿಲ್ಲ. ಅಂದು ಕೃಷ್ಣೆಯ ದಂಡೆಯಲ್ಲಿ ಯಾರಾದರೊಬ್ಬ ಹಿರಿಯರು ಉಭಯ ಪಕ್ಷಗಳನ್ನೂ ಕರೆದು ‘ಬರ್ರಿ, ಮೊದಲ ಕುಂದರ್ರಿ’ ಎಂದಿದ್ದರೆ ದಕ್ಷಿಣ ಭಾರತದ ಚರಿತ್ರೆ ಯಾವ ದಿಕ್ಕು ಹಿಡಿಯುತ್ತಿತ್ತೆಂಬುದನ್ನು ಇತಿಹಾಸಕಾರರು ಇದುವರೆಗೆ ಪರಿಶೀಲಿಸದಿರುವುದು ಆ ಶಿಸ್ತಿನ ದೊಡ್ಡ ಕೊರತೆಯೆಂದೇ ಹೇಳಬೇಕು.

ಓಡಿಹೋಗುವ ವಿಧಾನಕ್ಕೆ ಬಾಗೇವಾಡಿಯಲ್ಲಿ ಇನ್ನೂ ಹಳೆಯದಾದ, ಇನ್ನೂ ಘನವಾದ ಪೂರ್ವನಿದರ್ಶನವಿದೆ. ಹನ್ನೆರಡನೆಯ ಶತಮಾನದಲ್ಲಿ ಆ ಊರಿನಲ್ಲಿ ಹುಟ್ಟಿದ ಬಸವಣ್ಣನವರು ಉಪನಯನದ ವಿಷಯದಲ್ಲಿ ಮನೆಯವರೊಡನೆ ಒಪ್ಪದೆ ಕೂಡಲಸಂಗಮಕ್ಕೆ ನಡೆದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಕಲಿತು, ಮುಂದೆ ಕಲ್ಯಾಣದಲ್ಲಿ ಅವರು ಕಟ್ಟಿದ್ದೇನೆಂಬುದು ಲೋಕಕ್ಕೆ ತಿಳಿದಿದೆ. ಈಗಿನ ತರುಣನೂ ಮನೆಯಲ್ಲಿ ಒಪ್ಪಿಗೆಯಾಗದಿದ್ದಾಗ ಚಪ್ಪಲಿ ಮೆಟ್ಟಿ ಹೊರಡುತ್ತಾನಾದರೂ, ಅವನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಚಹಾ ಕುಡಿದು, ಊಟದ ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಾನೆ. ರೈಲಿನಲ್ಲಿ ಪಲಾಯನ ಮಾಡುವುದಂತೂ ಈ ಸೀಮೆಯಲ್ಲಿ ಸುಲಭಸಾಧ್ಯವಲ್ಲ. ಸಿಂದಗಿ ಮತ್ತು ಮುದ್ದೇಬಿಹಾಳಗಳಿಗೆ ರೈಲೇ ಇಲ್ಲ. ಉಳಿದೆರಡಕ್ಕೆ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳಿದ್ದು, ಹೆಸರಿನ ಕೊನೆಯ ‘ರೋಡ್’ ಎಂಬ ಪ್ರತ್ಯಯಕ್ಕೆ ರೈಲ್ವೆಯ ಪರಿಭಾಷೆಯಲ್ಲಿ ‘ಊರು ಇಲ್ಲಿಲ್ಲ, ಇನ್ನೂ ದೂರವಿದೆ’ ಎಂದರ್ಥ. ಅಷ್ಟು ದೂರ ಹೋಗುವಷ್ಟರಲ್ಲಿ ಬಂದ ಸಿಟ್ಟು ಇಳಿದಿರುತ್ತದೆ.

ಕ್ಯಾನನ್ನನ ಗಮನಕ್ಕೆ ಬಾರದ ಮೂರನೆಯ ವಿಧಾನವೇ ‘ಕುಂದ್ರುವುದು’. ಶಿಷ್ಟ ಕನ್ನಡದ ‘ಕುಳಿತುಕೊಳ್ಳುವುದು’ ಇದಕ್ಕೆ ಸಮಾನಾರ್ಥಕವಲ್ಲ. ಕುಳಿತುಕೊಳ್ಳುವುದನ್ನು ಒಬ್ಬರೇ ಮಾಡಬಹುದು, ಕುಂದ್ರುವುದಕ್ಕೆ ಕನಿಷ್ಠ ಇಬ್ಬರು ಬೇಕು, ಅದರಲ್ಲೊಬ್ಬರು ಮೊದಲೇ ಕುಂತಿರಬೇಕು. ಸ್ಥಾನವು ಕಟ್ಟೆ, ಎಂದರೆ ಗಿಡದ ಬೊಡ್ಡೆಯ ಸುತ್ತ ಕಲ್ಲು ಜೋಡಿಸಿ ಕಟ್ಟಿದ ಜಗಲಿ. ವಿಧಿಯು ಹೀಗಿದೆ: ತಲಿಬಿಸಿಯಾದವನು ಕಟ್ಟೆಯ ಮುಂದಿನಿಂದ ಅವಸರದಲ್ಲಿ ಹೋಗುತ್ತಿರುವಂತೆ ಹಾಯಬೇಕು; ಕಟ್ಟೆಯವರು ‘ಏನ ತಮ್ಮಾ, ಎತ್ತಾಗ ಹೊಂಟಿ?’ ಎಂದು ಕೇಳಬೇಕು. ಅವನು ‘ಎಲ್ಲೀ ಇಲ್ಲ ಕಾಕಾ’ ಎನ್ನಬೇಕು. ಆಗ ಕುಂತವರಲ್ಲೊಬ್ಬರು ಸ್ವಲ್ಪ ಸರಿದು, ಹೆಗಲ ಮೇಲಿನ ಟವೆಲ್‌ನಿಂದ ಕಲ್ಲಿನ ಧೂಳನ್ನು ಒಂದು ಸಲ ಝಾಡಿಸಬೇಕು. ಚಿಕಿತ್ಸೆಯ ಮುಕ್ಕಾಲು ಪಾಲು ಈ ಝಾಡಿಸುವಿಕೆಯಲ್ಲಿಯೇ ಮುಗಿದಿರುತ್ತದೆ. ಉಳಿದ ಕಾಲು ಪಾಲನ್ನು ‘ಒಂದರಾಗ ಎರಡು’ ಪೂರೈಸುತ್ತದೆ. ಒಂದು ಚಹಾವನ್ನು ಇಬ್ಬರಿಗೆ ಹಂಚುವ ಈ ಪದ್ಧತಿಯಲ್ಲಿ ಸಕ್ಕರೆಯೂ ಖರ್ಚೂ ಅರ್ಧವಾಗಿ ಮಾತು ಮಾತ್ರ ಎರಡು ಪಟ್ಟಾಗುತ್ತದೆ. ಅಂಗೈಯಲ್ಲಿ ತಂಬಾಕು ತಿಕ್ಕುವ ಉಪಶಾಖೆಯೊಂದು ಇದೇ ಕಟ್ಟೆಯಲ್ಲಿ ಬೆಳೆದಿದೆಯಾದರೂ, ತಲೆಯ ಬಿಸಿಯನ್ನು ಬಾಯಿಯ ಹುಣ್ಣಿಗೆ ವರ್ಗಾಯಿಸುವುದು ಸ್ಥಳಾಂತರವೇ ಹೊರತು ಶಮನವಲ್ಲವಾದುದರಿಂದ ಈ ಪ್ರಬಂಧವು ಅದಕ್ಕೆ ಮಾನ್ಯತೆ ನೀಡುವುದಿಲ್ಲ. ವಚನಗಳ ಪಾಠಕ್ಕೂ ಶಾಸನಕ್ಕೂ ಪುರಾವೆ ಕೇಳುವ ಶಿಸ್ತನ್ನು ಕನ್ನಡಕ್ಕೆ ಕಲಿಸಿದ ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿಯೇ ಆದರೂ, ಕಟ್ಟೆಯ ಮಾತಿಗೆ ಆಕರ ಕೇಳುವ ರೂಢಿ ಆ ಸೀಮೆಯಲ್ಲಿಲ್ಲ. ಆಕರ ಕೇಳಿದರೆ ಬಿಸಿ ಮತ್ತೆ ಏರುತ್ತದೆ.

ಚಿಕಿತ್ಸೆಯ ಮಂತ್ರಭಾಗವು ‘ಇರ್ಲಿ ಬಿಡ್ರಿ’ ಎಂಬ ನಾಲ್ಕಕ್ಷರದ ಸೂತ್ರವಾಗಿದ್ದು, ವೈಯಾಕರಣರಿಗೆ ಅದು ದೊಡ್ಡ ತೊಡಕನ್ನು ಒಡ್ಡಿದೆ. ‘ಇರಲಿ’ ಎಂದರೆ ಇದ್ದುಕೊಳ್ಳಲಿ. ‘ಬಿಡ್ರಿ’ ಎಂದರೆ ಕೈಬಿಡಿರಿ. ಇರಿಸಿಕೊಳ್ಳುವುದನ್ನೂ ಬಿಡುವುದನ್ನೂ ಒಂದೇ ಉಸಿರಿನಲ್ಲಿ ಆಜ್ಞಾಪಿಸುವುದು ವಿರೋಧಾಭಾಸವಲ್ಲವೇ ಎಂಬುದು ಪೂರ್ವಪಕ್ಷ. ಇರುವುದು ತೊಂದರೆ, ಬಿಡಬೇಕಾದುದು ಅದನ್ನು ಹಿಡಿದ ಕೈ ಎಂಬುದು ಸಿದ್ಧಾಂತ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳನ್ನು ಹಲವು ಬಗೆಯಲ್ಲಿ ಪೀಡಿಸಿ, ಅವು ಮೊದಲು ಬೆಚ್ಚುತ್ತವೆ, ಆಮೇಲೆ ತಡೆದುಕೊಳ್ಳುತ್ತವೆ, ಕೊನೆಗೆ ಸೋತುಬೀಳುತ್ತವೆ ಎಂದು ಮೂರು ಹಂತಗಳನ್ನು ತೋರಿಸಿದನು. ಈ ನಾಲ್ಕೂರುಗಳಲ್ಲಿ ಮೊದಲ ಹಂತವನ್ನು ‘ಏನಾತ್ರಿ?’ ಎಂದೂ ಎರಡನೆಯದನ್ನು ‘ತಡೀರಿ, ನೋಡೂಣು’ ಎಂದೂ ಕರೆಯುತ್ತಾರೆ. ಮೂರನೆಯ ಹಂತಕ್ಕೆ ಮುಟ್ಟುವ ಮೊದಲೇ ಯಾರಾದರೂ ‘ಇರ್ಲಿ ಬಿಡ್ರಿ’ ಎಂದುಬಿಡುತ್ತಾರೆ. ಸೆಲ್ಯೆಯ ಇಲಿಗಳಿಗೆ ಹೀಗೆ ಹೇಳುವವರು ಇರಲಿಲ್ಲ.

ಅದೇ ಸೆಲ್ಯೆ ಮುಂದೆ, ಒತ್ತಡವೆಲ್ಲ ಕೆಟ್ಟದ್ದಲ್ಲ, ಹದದಲ್ಲಿದ್ದರೆ ಒಳಿತನ್ನೂ ಮಾಡುತ್ತದೆ ಎಂದನು. ಇಂಡಿಯ ತೋಟಿಗರಿಗೆ ಇದು ಹೊಸ ಸಂಗತಿಯೇನಲ್ಲ. ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆಯು ಮಳೆಗಾಲದಲ್ಲಿ ಹೇರಳವಾಗಿ ಬಂದು ದರ ಕಳೆದುಕೊಳ್ಳುವುದರಿಂದ, ಬೇಸಿಗೆಯಲ್ಲಿ ಕಾಯಿ ಸಿಗುವಂತೆ ‘ಹಸ್ತ ಬಹಾರ’ ಹಿಡಿಯುವುದುಂಟು: ಸೆಪ್ಟೆಂಬರಿನ ಸುಮಾರಿಗೆ ನೀರು ನಿಲ್ಲಿಸಿ, ಎಲೆ ಮುದುಡಿ ಉದುರತೊಡಗುವವರೆಗೆ ಗಿಡವನ್ನು ಬಾಡಿಸಿ, ಬಳಿಕ ಬುಡ ಸಡಿಲಿಸಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡ ಮೈತುಂಬ ಹೂ ಬಿಡುತ್ತದೆ. ಬಾಡಿಸುವುದನ್ನು ಎಲ್ಲರೂ ಬಲ್ಲರು. ಯಾವ ದಿನ ನೀರು ಬಿಡಬೇಕೆಂಬುದರಲ್ಲಿಯೇ ಶಾಸ್ತ್ರವಿರುವುದು. ನೌಕರರನ್ನು ಬಾಡಿಸಿ ಫಲ ತೆಗೆಯುವ ಮೇಲಧಿಕಾರಿಗಳು ಈ ಪದ್ಧತಿಯ ಪೂರ್ವಾರ್ಧವನ್ನಷ್ಟೇ ಓದಿಕೊಂಡಿರುವಂತೆ ತೋರುತ್ತದೆ.

ಶಾಸ್ತ್ರದ ಲೋಪವೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿಲ್ಲ. ಅವರಿಗಾಗಿ ಪರಂಪರೆಯು ಗೊತ್ತುಪಡಿಸಿರುವುದು ರೊಟ್ಟಿ ಬಡಿಯುವ ಕರ್ಮವನ್ನು. ಬಿಳಿಜೋಳದ ಹಿಟ್ಟಿಗೆ ಕುದಿನೀರು ಹಾಕಿ, ಕೈ ಸುಡುತ್ತಿರುವಾಗಲೇ ನಾದಿ, ಪರಾತದಲ್ಲಿಟ್ಟು ಬಡಿಯುತ್ತ ತಿರುಗಿಸುವ ಈ ಕ್ರಿಯೆಯಲ್ಲಿ ವ್ಯಾಯಾಮ, ತಾಳ, ಏಕಾಗ್ರತೆ ಮೂರೂ ಸಮಾವೇಶಗೊಂಡಿವೆಯೆಂದು ಕಟ್ಟೆಯ ಪಂಡಿತರು ಬಹಳವಾಗಿ ಕೊಂಡಾಡುತ್ತಾರೆ. ಸಪ್ಪಳ ಹದವಾಗಿದ್ದರೆ ಮನೆ ನೆಟ್ಟಗಿದೆಯೆಂದೂ, ಹಂಚು ನಡುಗುವಂತಿದ್ದರೆ ನಾದಿನಿ ಬಂದಿದ್ದಾಳೆಂದೂ ನೆರೆಮನೆಯವರು ಗೋಡೆಯಾಚೆಯಿಂದಲೇ ನಿದಾನ ಹೇಳಬಲ್ಲರು. ಆದರೆ ಇಪ್ಪತ್ತು ರೊಟ್ಟಿ ಬಡಿದವಳ ಬಿಸಿ ಇಳಿಯುತ್ತದೆಯೋ ಒಲೆಯ ಬಿಸಿಯೂ ಅದಕ್ಕೆ ಕೂಡುತ್ತದೆಯೋ ಎಂದು ಅವಳನ್ನು ಕೇಳಿದವರಿಲ್ಲ. ಈ ಕರ್ಮವನ್ನು ಕೊಂಡಾಡುವವರಲ್ಲಿ ಒಬ್ಬರೂ ತಮ್ಮ ತಲಿಬಿಸಿಗೆ ಅದನ್ನು ಪ್ರಯೋಗಿಸಿ ನೋಡದಿರುವುದೇ ಸಾಕಷ್ಟು ಬಲವಾದ ಪುರಾವೆಯಾಗಿದೆ.

ಸೂತ್ರವು ವರ್ಜ್ಯವಾಗುವ ಸಂದರ್ಭವೂ ಉಂಟು. ದಿನವೂ ಬರುತ್ತಿದ್ದವನು ಕಟ್ಟೆಗೆ ಬರುವುದನ್ನು ಬಿಟ್ಟು, ಉಣ್ಣದೆ, ರಾತ್ರಿ ಕಣ್ಣು ಮುಚ್ಚದೆ, ಸಾಲದ ಮಾತು ತೆಗೆದರೆ ಗೋಡೆ ನೋಡುತ್ತಿದ್ದರೆ, ಅವನ ಮುಂದೆ ‘ಇರ್ಲಿ ಬಿಡ್ರಿ’ ಎಂಬುದು ಚಿಕಿತ್ಸೆಯಲ್ಲ, ಅಪರಾಧ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ, ಊರ ಸನಿಹದ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಮನೋರೋಗಕ್ಕೆ ಮದ್ದು ಕೊಡಬಲ್ಲರೆಂದು ತೋರಿಸಿದ ಮೇಲೆ ಈ ವಿದ್ಯೆ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳು ಪುಕ್ಕಟೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದಾಗಿದೆ. ಕಟ್ಟೆಯ ಪಾತ್ರವು ಇಲ್ಲಿ ‘ಎರಡ ದಿನಾ ಆತು, ಕಂಡಿಲ್ಲಲ್ಲ ಅಂವ’ ಎಂದು ಗಮನಿಸಿ, ಎದ್ದು ಅವನ ಮನೆಗೆ ಹೋಗುವುದಾಗಿದೆ. ಕಟ್ಟೆಯವರು ಏಳಲೇಬೇಕೆಂದು ಶಾಸ್ತ್ರವು ವಿಧಿಸುವ ಏಕೈಕ ಸಂದರ್ಭವೂ ಇದೇ.

ವಿದ್ವಾಂಸರಲ್ಲಿ ಒಮ್ಮತ ಮೂಡದ ಪ್ರಶ್ನೆಯೊಂದು ಉಳಿದಿದೆ. ಒಂದು ಕಾಲನ್ನು ನೆಲಕ್ಕೂರಿ, ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಕಟ್ಟೆಯ ಅಂಚಿಗೆ ಅರ್ಧ ಮಾತ್ರ ಆತುಕೊಂಡವನನ್ನು ಕುಂತವನೆಂದು ಗಣಿಸಬೇಕೋ ಬೇಡವೋ ಎಂಬುದು ಆ ಪ್ರಶ್ನೆ. ‘ಕುಂದರೂದಿಲ್ರಿ, ಹೊಂಟೀನಿ’ ಎಂದು ಅವನು ಸಾರಿ ಒಂದೂವರೆ ತಾಸಾಗಿದ್ದು, ಎರಡನೆಯ ಸುತ್ತಿನ ಚಹಾ ಅವನ ಕೈಯಲ್ಲಿಯೇ ಇದೆ.