ಮೂರು ಕಾಲು, ಮೂರು ಮನಸ್ಸು

ದೀಪಾವಳಿಗೆಂದು ಗಂಗಾವತಿಯ ನಮ್ಮ ಮಾಳಿಗೆಯ ಮೇಲೆ ಅಗ್ಗದ ಟ್ರೈಪಾಡ್ ನಿಲ್ಲಿಸಿದೆ. ಕಾಲು ಮೂರು, ಮನಸ್ಸೂ ಮೂರು.

“ಕಾಕಾ, ಇದಕ್ಕ ವಾತ ಬಂದೈತೇನ್ರಿ?” ಅಂದ ಅಣ್ಣನ ಮಗ.

ಮೊದಲ ಚಿತ್ರದಲ್ಲಿ ಫ್ಲ್ಯಾಶ್ ಬೆಳಗಿ, ರಾಕೆಟ್ ಬದಲು ಹಗ್ಗದ ಮೇಲಿನ ಧೋತರ ಬಂತು. ಫ್ಲ್ಯಾಶ್ ಆರಿಸಿ, ಐಎಸ್‌ಒ 100ಕ್ಕೆ ಇಳಿಸಿ, ಶಟರನ್ನು 4 ಸೆಕೆಂಡು ತೆರೆದಿಟ್ಟೆ. ಆಕಾಶದ ಹೂವೆಲ್ಲ ಕಲಸಿದ ಚಿತ್ರಾನ್ನ! ಗುಂಡಿ ಒತ್ತಿದ ನನ್ನ ಬೆರಳೇ ಕ್ಯಾಮೆರಾ ಅಲುಗಿಸಿತ್ತು.

ಕಡೆಗೆ ಮನೆಯಾಕೆ 5 ಕಿಲೋ ಸೋನಾಮಸೂರಿ ಚೀಲ ತಂದು ಟ್ರೈಪಾಡಿನ ನಡುವಿಗೆ ನೇತುಹಾಕಿದಳು. ನಾನು 2 ಸೆಕೆಂಡಿನ ಸೆಲ್ಫ್ ಟೈಮರ್ ಒತ್ತಿ ಕೈಕಟ್ಟಿ ನಿಂತೆ. ಬೆಳಕಿನ ಎಳೆಗಳು ರಂಗೋಲಿಯಂತೆ ಮೂಡಿದವು.

ಭತ್ತದ ನಾಡಿನವರೇ, ದುಬಾರಿ ಟ್ರೈಪಾಡ್ ಬೇಡ. ಅಕ್ಕಿ ಚೀಲ ಸಾಕು. ಮರುದಿನ ಅನ್ನಕ್ಕೂ ಆಗುತ್ತದೆ.